ಹಿಮ್ಮಡಿ ಹೇಳಿದ ಕಥೆ: ಆರ್ಕಿಸೀಬಸ್
ಚೀನಾದ ಹುಬೇ ಪ್ರಾಂತ್ಯದಲ್ಲಿ, ಪ್ರಾಚೀನ ಸರೋವರದ ಕೆಸರು ಗಟ್ಟಿಯಾಗಿ ರೂಪುಗೊಂಡ ಪದರಶಿಲೆಯೊಂದು ಸೀಳಿದಾಗ, ಸುಮಾರು 5.5 ಕೋಟಿ ವರ್ಷ ಹಿಂದಿನ ಪುಟ್ಟ ಜೀವಿಯ ಅಸ್ಥಿಪಂಜರವು ಎರಡೂ ಹೋಳುಗಳಲ್ಲಿ ಹಂಚಿಹೋಗಿ ದೊರೆಯಿತು. ನಿ ಶಿಜುನ್ ಮತ್ತು ಸಹಸಂಶೋಧಕರು 2013ರಲ್ಲಿ ಅದಕ್ಕೆ ‘ಆರ್ಕಿಸೀಬಸ್ ಅಕಿಲೀಸ್’ ಎಂದು ಹೆಸರಿಟ್ಟರು. ಪ್ರೈಮೇಟ್‌ಗಳಲ್ಲಿ, ಅಂದರೆ ಕೋತಿ, ವಾನರ, ಮನುಷ್ಯರನ್ನು ಒಳಗೊಂಡ ಗಣದಲ್ಲಿ, ಇಷ್ಟು ಹಳೆಯ ಮತ್ತು ಇಷ್ಟೊಂದು ಪೂರ್ಣವಾದ ಅಸ್ಥಿಪಂಜರ ಅದುವರೆಗೆ ಸಿಕ್ಕಿರಲಿಲ್ಲವೆಂಬುದೇ ಅದರ ಹಿರಿಮೆ. ಶಿಲೆಯೊಳಗೆ ಹುದುಗಿದ್ದ ಎಲುಬುಗಳನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೋಟ್ರಾನ್ ಯಂತ್ರದ ಪ್ರಬಲ ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ, ಬಾಲ ಬಿಟ್ಟರೆ ಸುಮಾರು 7 ಸೆಂಟಿಮೀಟರ್ ಉದ್ದದ, 20ರಿಂದ 30 ಗ್ರಾಂ ತೂಕದ, ಕೀಟಗಳನ್ನು ತಿನ್ನುತ್ತಿದ್ದ ಪ್ರಾಣಿಯ ರೂಪ ಸ್ಪಷ್ಟವಾಯಿತು. ಆದರೆ ನಿಜವಾದ ಸೋಜಿಗವಿರುವುದು ಪಾದದಲ್ಲಿ: ಒಟ್ಟು ಲಕ್ಷಣಗಳು ಆಗ್ನೇಯ ಏಷ್ಯಾದ ದೊಡ್ಡ ಕಣ್ಣಿನ ನಿಶಾಚರಿ ಟಾರ್ಸಿಯರ್‌ನ ವಂಶವನ್ನು ಸೂಚಿಸಿದರೂ, ಹಿಮ್ಮಡಿಯ ಎಲುಬು ಕೋತಿಗಳದನ್ನು ಹೋಲುತ್ತದೆ. ಟಾರ್ಸಿಯರ್‌ಗಳ ಶಾಖೆಯೂ ಮನುಷ್ಯನತ್ತ ಸಾಗಿದ ಶಾಖೆಯೂ ಆ ಕಾಲಕ್ಕಾಗಲೇ ಕವಲೊಡೆದಿದ್ದವು ಎಂಬುದಕ್ಕೆ ಈ ಅಸ್ಥಿಪಂಜರ ಬಲವಾದ ಸಾಕ್ಷ್ಯ.