ತಲೆಬುರುಡೆ ಹೊತ್ತ ಪತಂಗ

ರಾತ್ರಿ ದೀಪಕ್ಕೆ ಬರುವ ಹುಳುಗಳ ನಡುವೆ ಎಂದಾದರೊಮ್ಮೆ ಬೆರಳುದ್ದದ ಕಂದು ಪತಂಗವೊಂದು ಬಂದು ನಿಮ್ಮ ಗೋಡೆಯ ಮೇಲೆ ಕೂರಬಹುದು. ಬೆನ್ನ ಮೇಲೆ, ಕಣ್ಣಿನ ಕುಳಿಗಳ ಸಮೇತ, ತಲೆಬುರುಡೆ ಬರೆದಂತಿರುತ್ತದೆ. ಮುಟ್ಟಿದರೆ ಕೀಚ್ ಎಂದು ಕೂಗುತ್ತದೆ. ಅಪಶಕುನವೆಂದು ಹೆದರಿ ಪೊರಕೆಗೆ ಕೈ ನೀಡುವವರೇ ಹೆಚ್ಚು. ಹೊಡೆಯುವ ಮುನ್ನ ಐದು ನಿಮಿಷ ಅದನ್ನು ನೋಡಿ. ಯಾವ ಹುಳುವೆಂದು ತಿಳಿದರೆ ಅರ್ಧ ಭಯ ಕಳೆಯುತ್ತದೆ.

ಗುರುತು ಹಚ್ಚುವಾಗ ಬಣ್ಣಕ್ಕಿಂತ ಮೊದಲು ಆಕಾರವನ್ನು ಗಮನಿಸಬೇಕು. ಪತಂಗದ ಬಣ್ಣವಿರುವುದು ಧೂಳಿನಂತಹ ಹುರುಪೆಗಳಲ್ಲಿ. ಹಾರಿ ಹಾರಿ ಅವು ಉದುರಿದರೆ ಬಣ್ಣ ಮಾಸುತ್ತದೆ, ಆಕಾರ ಮಾಸುವುದಿಲ್ಲ. ಮೈ ದಪ್ಪನಾಗಿ ತುದಿಯಲ್ಲಿ ಚೂಪಾಗಿದೆಯೆ? ಮುಂದಿನ ರೆಕ್ಕೆಗಳು ನೀಳವಾಗಿ ಕಿರಿದಾಗಿದ್ದು, ಮನೆಯ ಮಾಡಿನಂತೆ ಇಳಿಜಾರಾಗಿ ಮಡಿಸಿವೆಯೆ? ಹಾಗಿದ್ದರೆ ಅದು ವೇಗದ ಹಾರಾಟಕ್ಕೆ ಹೆಸರಾದ ಹಾಕ್ ಮಾತ್ ಕುಟುಂಬದ್ದು. ಆ ಕುಟುಂಬದಲ್ಲಿ ಬೆನ್ನ ಮೇಲೆ ಬುರುಡೆಯಿದ್ದರೆ ಅದು ಅಕೆರಾಂಟಿಯ ಎಂಬ ಕುಲಕ್ಕೆ ಸೇರಿದುದು.

ಇನ್ನು ಮುಂದಕ್ಕೆ ಬುರುಡೆಯನ್ನೇ ನಂಬಿದರೆ ಸಾಲದು. ಏಕೆಂದರೆ ಈ ಕುಲದ ಮೂರು ಜಾತಿಗಳಿಗೂ ಬುರುಡೆಯುಂಟು. 1758ರಲ್ಲಿ ಲಿನೀಯಸ್ ಹೆಸರಿಸಿದ ಆಟ್ರೊಪಸ್ ಯೂರೋಪು, ಆಫ್ರಿಕಗಳ ಕಡೆಯದು. ನಮ್ಮ ದೇಶದಲ್ಲಿರುವವು ಸ್ಟಿಕ್ಸ್ ಮತ್ತು ಲ್ಯಾಕಿಸಿಸ್. ಇವೆರಡರ ಭೇದ ತಿಳಿಯಲು ಮುಚ್ಚಿಕೊಂಡಿರುವ ಹಿಂದಿನ ರೆಕ್ಕೆಯನ್ನು ನೋಡಬೇಕು. ಕಡ್ಡಿಯಿಂದ ಮೆಲ್ಲನೆ ಸೋಕಿಸಿದರೆ ಪತಂಗವೇ ರೆಕ್ಕೆ ಬಿಚ್ಚುತ್ತದೆ. ಆಗ ಅದರ ಅಗಲ ಸುಮಾರು 10 ಸೆಂಟಿಮೀಟರ್. ಹಿಂದಿನ ರೆಕ್ಕೆ ಬುಡದಿಂದಲೇ ಹಳದಿಯಾಗಿದ್ದು ಎರಡು ಕಪ್ಪು ಪಟ್ಟೆಗಳಿದ್ದರೆ ಅದು ಸ್ಟಿಕ್ಸ್. ಬುಡದಲ್ಲಿ ಕಪ್ಪು ಮಚ್ಚೆಯಿದ್ದು, ಬೆನ್ನಿನ ಬುರುಡೆಯ ಕೆಳಗೆ ಕಿತ್ತಳೆಗೆಂಪು ರೋಮಗಳಿದ್ದರೆ ಲ್ಯಾಕಿಸಿಸ್.

ಹೆಸರಿಟ್ಟ ಪಂಡಿತರೂ ಬುರುಡೆಯನ್ನು ಕಂಡು ಯಮಲೋಕವನ್ನೇ ನೆನೆದರು. ಸ್ಟಿಕ್ಸ್ ಎಂಬುದು ಗ್ರೀಕರ ಪುರಾಣದಲ್ಲಿ ನಮ್ಮ ವೈತರಣಿಯಂತಹ ನದಿ. ಆಟ್ರೊಪಸ್, ಲ್ಯಾಕಿಸಿಸ್ ಆಯುಷ್ಯದ ನೂಲನ್ನು ಕತ್ತರಿಸುವ, ಅಳೆಯುವ ದೇವತೆಗಳು. ಹೆಸರು ಘೋರವಾದರೂ ಹುಳು ಸಾಧು. ಇದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಕೂಗು ಶಾಪವಲ್ಲ, ಗಿಡ್ಡ ಸೊಂಡಿಲಿನ ಮೂಲಕ ಗಾಳಿಯನ್ನು ಎಳೆದು ಬಿಡುವಾಗ ಹೊರಡುವ ಸದ್ದು. ಅದೇ ಸೊಂಡಿಲಿನಿಂದ ಇದು ಜೇನುಗೂಡಿಗೆ ನುಗ್ಗಿ ತುಪ್ಪವನ್ನು ಹೀರುತ್ತದೆ.

ಇದರಿಂದ ತೊಂದರೆಯೇ ಇಲ್ಲವೆಂದಲ್ಲ. ಸ್ಟಿಕ್ಸ್ ಪತಂಗದ ಮರಿಹುಳು, ಬಾಲದ ತುದಿಯಲ್ಲಿ ಕೊಂಬಿರುವ ದಪ್ಪ ಕಂಬಳಿಹುಳುವಿನಂತಹುದು, ಎಳ್ಳಿನ ಗಿಡದ ಎಲೆಗಳನ್ನು ಬೋಳಿಸುತ್ತದೆ. ಅದರ ಮೈಮೇಲೆ ರೋಮವಿಲ್ಲವಾದ್ದರಿಂದ ಬೇಸಾಯಗಾರರು ಅದನ್ನು ಕೈಯಿಂದಲೇ ಆರಿಸಿ ತೆಗೆಯಬಹುದು. ಆದರೆ ನಿಮ್ಮ ನಡುಮನೆಯಲ್ಲಿ ಅದಕ್ಕೆ ಮಾಡುವ ಕೆಲಸವೇನೂ ಇಲ್ಲ. ದೀಪವನ್ನು ಆರಿಸಿ ಕಿಟಕಿಯನ್ನು ತೆರೆದಿಡಿ. ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ. ಮನೆಯ ಮಕ್ಕಳಿಗೂ ಅಷ್ಟರಲ್ಲಿ ಒಂದು ಜೀವಿಯ ಪರಿಚಯವಾಗಿರುತ್ತದೆ.