ಹೊಗೆ ಕಾಣದಿದ್ದರೆ ಗಾಳಿ ಶುದ್ಧವೇ?

ಡೀಸೆಲ್ ಗಾಡಿಯ ಎಮಿಷನ್ ಟೆಸ್ಟ್ ಹೇಗೆ ನಡೆಯುತ್ತದೆಂದು ಒಮ್ಮೆ ನಿಂತು ನೋಡಿ. ಸೈಲೆನ್ಸರ್ ಕೊಳವೆಗೆ ನಳಿಕೆ ತೂರಿಸಿ, ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ದಟ್ಟವಾಗಿದೆ ಎಂದಷ್ಟೇ ಅಳೆಯುತ್ತಾರೆ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳ ಲೆಕ್ಕ ಅಲ್ಲಿಲ್ಲ. ಡೀಸೆಲ್‌ಗೆ ಜೈವಿಕ ಇಂಧನ ಮತ್ತು ಆಲ್ಕೋಹಾಲ್ ಬೆರೆಸಲು ದೇಶ ಸಜ್ಜಾಗುತ್ತಿರುವಾಗ ಈ ಕೊರತೆ ನಮಗೆ ದುಬಾರಿಯಾಗಲಿದೆ.

ನಾನು ಜೈವಿಕ ಇಂಧನದ ವಿರೋಧಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ ನಾಡು ನಮ್ಮದು. 2018ರ ರಾಷ್ಟ್ರೀಯ ನೀತಿಯ ಗುರಿಯಂತೆ 2030ರ ವೇಳೆಗೆ ಡೀಸೆಲ್‌ನಲ್ಲಿ ಶೇ 5ರಷ್ಟು ಬಯೋಡೀಸೆಲ್ ಇರಬೇಕು. ಶೇ 10ರಷ್ಟು ಎಥನಾಲ್ ಬೆರೆಸುವ ಪ್ರಯೋಗ ಫಲಿಸಲಿಲ್ಲ, ಈಗ ಐಸೊಬ್ಯುಟನಾಲ್ ಎಂಬ ಇನ್ನೊಂದು ಆಲ್ಕೋಹಾಲನ್ನು ಪರೀಕ್ಷಿಸಲಾಗುತ್ತಿದೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2025ರಲ್ಲಿ ಹೇಳಿದರು.

ಬಯೋಡೀಸೆಲ್‌ನ ತೂಕದಲ್ಲಿ ಸುಮಾರು ಶೇ 11 ಆಮ್ಲಜನಕವೇ ಇರುವುದರಿಂದ ಮಸಿ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹಲವು ಪರೀಕ್ಷೆಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿತು. ಶೇ 20ರ ಸೋಯಾ ಬಯೋಡೀಸೆಲ್ ಮಿಶ್ರಣದಲ್ಲಿ ಕಣಮಾಲಿನ್ಯ ಶೇ 10ರಷ್ಟು, ಇಂಗಾಲದ ಮಾನಾಕ್ಸೈಡ್ ಶೇ 11ರಷ್ಟು ಇಳಿದಿದ್ದವು. ನೈಟ್ರೋಜನ್ ಆಕ್ಸೈಡುಗಳು ಮಾತ್ರ ಶೇ 2ರಷ್ಟು ಏರಿದ್ದವು. ಶುದ್ಧ ಬಯೋಡೀಸೆಲ್‌ನಲ್ಲಿ ಈ ಏರಿಕೆ ಶೇ 10. ಈ ಆಕ್ಸೈಡುಗಳೇ ಬಿಸಿಲಿಗೆ ಸಿಕ್ಕಿ ನೆಲಮಟ್ಟದ ಓಝೋನ್ ಹುಟ್ಟಿಸುತ್ತವೆ. ಉಬ್ಬಸ ಕೆರಳಿಸುತ್ತವೆ, ಪೈರಿನ ಇಳುವರಿಯನ್ನೂ ತಗ್ಗಿಸುತ್ತವೆ.

ಆಲ್ಕೋಹಾಲ್ ಇನ್ನೂ ತೊಡಕಿನದು. ಡೀಸೆಲ್ ತಾನಾಗಿ ಹೊತ್ತಿಕೊಳ್ಳುವ ಗುಣವನ್ನು ಸೀಟೇನ್ ಸಂಖ್ಯೆ ಹೇಳುತ್ತದೆ. ನಮ್ಮ ಈಗಿನ ಮಾಲಿನ್ಯ ಮಾನದಂಡವಾದ ಬಿಎಸ್-6ರ ಡೀಸೆಲ್‌ಗೆ ಅದು ಕನಿಷ್ಠ 51 ಇರಬೇಕು. ಎಥನಾಲ್‌ಗೆ ಇರುವುದು ಹತ್ತರ ಆಸುಪಾಸು. ಮೇಲಾಗಿ ಎಥನಾಲ್ ಆವಿಯಾಗುವಾಗ ಸಿಲಿಂಡರಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ ಮೇಲಿನ ಹೊರೆ ಕಡಿಮೆಯಿದ್ದಾಗ ಇಂಧನ ಅರೆಬರೆ ಉರಿದು, ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್‌ನಂಥ ಅನಿಲಗಳು ಹೊರಬೀಳುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಬಸ್ಸಿನ ಎಂಜಿನ್ ಇರುವುದು ಇದೇ ಕಡಿಮೆ ಹೊರೆಯಲ್ಲಿ.

ಬಿಎಸ್-6 ಗಾಡಿಗಳಲ್ಲಿ ಶುದ್ಧೀಕರಣ ಸಾಧನಗಳಿವೆಯಲ್ಲ ಎನ್ನಬಹುದು. ಆದರೆ ಯೂರಿಯಾ ದ್ರಾವಣದಿಂದ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಸಾಧನ ಚುರುಕಾಗಲು ಹೊಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು. ತೆವಳುವ ಗಾಡಿಯಲ್ಲಿ ಅಷ್ಟು ಬಿಸಿ ಅನೇಕ ಸಲ ಸಿಗದು. ಇನ್ನು ಬಿಎಸ್-6 ಜಾರಿಯಾದ 2020ಕ್ಕಿಂತ ಹಳೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ಬಹುಪಾಲಿಗೆ ಈ ಸಾಧನವೇ ಇಲ್ಲ. ಅವೂ ಅದೇ ಬಂಕಿನ ಡೀಸೆಲ್ ತುಂಬಿಕೊಳ್ಳುತ್ತವೆ.

ಕಪ್ಪು ಹೊಗೆ ತಗ್ಗಿದಾಗ ಪ್ರಮಾಣಪತ್ರ ಸುಲಭವಾಗಿ ಸಿಗುತ್ತದೆ, ನಾವು ಗೆದ್ದೆವೆಂದು ನಂಬುತ್ತೇವೆ. ಅಪಾಯ ಇರುವುದು ಈ ನಂಬಿಕೆಯಲ್ಲಿ. ಆಲ್ಕೋಹಾಲ್ ಬೆರೆತ ಡೀಸೆಲ್ ಬಂಕಿಗೆ ಬರುವ ಮುನ್ನ ಹಳೆಯ ಬಸ್ಸು, ಟ್ರ್ಯಾಕ್ಟರುಗಳನ್ನು ನಿಜವಾದ ರಸ್ತೆ, ಹೊಲಗಳಲ್ಲಿ ಓಡಿಸಿ ಕಣ್ಣಿಗೆ ಕಾಣದ ಈ ಅನಿಲಗಳನ್ನು ಅಳೆಯಬೇಕು; ಫಲಿತಾಂಶ ಜನರ ಮುಂದಿಡಬೇಕು. ಎಮಿಷನ್ ಟೆಸ್ಟಿಗೆ ನೈಟ್ರೋಜನ್ ಆಕ್ಸೈಡ್ ಸೇರಬೇಕು. ಅಲ್ಲಿಯವರೆಗೆ ಮಿಶ್ರಣದ ಪ್ರಮಾಣ ಏರಿಸಬಾರದು.