ಯಾರ ಕಡೆಯವರು?

ಕೊಟ್ಟೂರು ಬಸ್ ಸ್ಟ್ಯಾಂಡ್. ಬೆಳಗಿನ ಮೊದಲ ಮಿರ್ಚಿ ಬಾಣಲೆಗೆ ಬಿದ್ದಿದೆ. ಹಡಗಲಿ ಬಸ್ಸಿನಿಂದ ಮಲ್ಲಿಗೆ ಬುಟ್ಟಿ ಇಳಿಯುತ್ತಿದೆ, ಕೂಡ್ಲಿಗಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ಮಂಡಕ್ಕಿ ತಟ್ಟೆ ಹಿಡಿದ ಹಿರಿಯರೊಬ್ಬರು ಪಕ್ಕದವರನ್ನು ಕೇಳುತ್ತಾರೆ: "ನಿಮ್ಮ ಕಡಿ ಗಾಳಿ ಯಾರದೈತ್ರೀ?"

ಈ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ ಸಿಕ್ಕಿದ್ದಿಲ್ಲ. 2023ರ ಮೇ 13ರಂದು ಬಂದ ವಿಧಾನಸಭೆ ಫಲಿತಾಂಶದಲ್ಲಿ ಕೂಡ್ಲಿಗಿ ಕಾಂಗ್ರೆಸ್ಸಿನ ಎನ್.ಟಿ. ಶ್ರೀನಿವಾಸ್ ಅವರನ್ನು ಗೆಲ್ಲಿಸಿತು, ಹಡಗಲಿ ಬಿಜೆಪಿಯ ಕೃಷ್ಣ ನಾಯ್ಕರನ್ನು, ಹಗರಿಬೊಮ್ಮನಹಳ್ಳಿ ಜೆಡಿಎಸ್‌ನ ನೇಮರಾಜ ನಾಯ್ಕರನ್ನು. ಹರಪನಹಳ್ಳಿ ಯಾವ ಪಕ್ಷವನ್ನೂ ಒಪ್ಪಲಿಲ್ಲ. ಒಂದಕ್ಕೊಂದು ಬೇಲಿ ಹಂಚಿಕೊಂಡ ನಾಲ್ಕು ಕ್ಷೇತ್ರ, ನಾಲ್ಕು ದಾರಿ. 2008ರಲ್ಲಿ ತನ್ನದೇ ಕ್ಷೇತ್ರ ಕಳೆದುಕೊಂಡ ಕೊಟ್ಟೂರು ಪಟ್ಟಣ ಈಗ ಹಗರಿಬೊಮ್ಮನಹಳ್ಳಿಯ ಜೊತೆ ಓಟು ಹಾಕುತ್ತದೆ. ಅಲ್ಲಿ ನೇಮರಾಜ ನಾಯ್ಕರ ಎದುರು ಭೀಮಾ ನಾಯ್ಕರೇ ನಿಂತಿದ್ದರು. ಹೆಸರಿನ ಗುರುತು ನೋಡಿ ಓಟು ಹಾಕಿದರು ಅನ್ನುವವರು ಇದನ್ನೊಮ್ಮೆ ನೋಡಬೇಕು.

ನನ್ನ ಮನಸ್ಸು ಮಾತ್ರ ಹರಪನಹಳ್ಳಿಯಲ್ಲೇ ನಿಲ್ಲುತ್ತದೆ. 1997ರಲ್ಲಿ ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಿದ ತಾಲ್ಲೂಕು ಅದು. ಆಮೇಲೆ ಬಳ್ಳಾರಿಯಂಥ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ಆ ಸೌಲಭ್ಯ ಗಡಿಯ ಆಚೆಗೇ ಉಳಿಯಿತು. ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಲು ಹೋರಾಡಿದವರಲ್ಲಿ ಶಾಸಕ ಎಂ.ಪಿ. ರವೀಂದ್ರ ಮುಂದಿದ್ದರು. 2018ರಲ್ಲಿ ಅದು ಕೈಗೂಡಿತು, ಅದೇ ವರ್ಷ ಅವರು ತೀರಿಕೊಂಡರು. ಐದು ವರ್ಷದ ಮೇಲೆ ಅವರ ಅಕ್ಕ-ತಂಗಿಯರ ಪೈಕಿ ಲತಾ ಮಲ್ಲಿಕಾರ್ಜುನ್ ಟಿಕೆಟ್ ಕೇಳಿದರು. ಕಾಂಗ್ರೆಸ್ ಬೇರೆಯವರಿಗೆ ಕೊಟ್ಟಿತು. ಲತಾ ಪಕ್ಷೇತರರಾಗಿ ನಿಂತರು, ಬಿಜೆಪಿಯ ಕರುಣಾಕರ ರೆಡ್ಡಿಯವರನ್ನು ಸೋಲಿಸಿದರು. 2008ರಲ್ಲಿ ಇದೇ ರೆಡ್ಡಿಯವರ ಎದುರು ಇದೇ ನೆಲದಲ್ಲಿ ಸೋತವರು ಲತಾ ಅವರ ತಂದೆ ಎಂ.ಪಿ. ಪ್ರಕಾಶ್.

ಟಿಕೆಟ್ಟಿನ ಮಾತು ಬಂದಾಗ ಅಮೆರಿಕ ನೆನಪಾಗುತ್ತದೆ. ಅಲ್ಲಿ ಪಕ್ಷದ ಹುರಿಯಾಳು ಯಾರೆಂಬುದನ್ನೂ ಮತದಾರರೇ ಆರಿಸುತ್ತಾರೆ. 2020ರಲ್ಲಿ ದಕ್ಷಿಣ ಕೆರೊಲಿನಾದ ಹಿರಿಯ ಕಪ್ಪು ನಾಯಕ ಜಿಮ್ ಕ್ಲೈಬರ್ನ್ ಬೈಡನ್ ಬೆನ್ನಿಗೆ ನಿಂತದ್ದೇ ತಡ, ಮೂರೇ ದಿನಕ್ಕೆ ಬೈಡನ್ ಅಲ್ಲಿ ಪಕ್ಷದೊಳಗಿನ ಆ ಆಯ್ಕೆಯನ್ನು ಗೆದ್ದರು. ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲ, ಟಿಕೆಟ್ ಮೇಲಿನಿಂದ ಇಳಿಯುತ್ತದೆ. ಹರಪನಹಳ್ಳಿಯ ಜನ ಮತದಾನ ನಡೆದ ಮೇ 10ರ ಒಂದೇ ದಿನ ಎರಡೂ ಆಯ್ಕೆ ಮುಗಿಸಿದರು. ಅವರಿಗೆ ದೊಡ್ಡವರ ಶಿಫಾರಸು ಬೇಕಿರಲಿಲ್ಲ. ತೀರಿಕೊಂಡ ತಂದೆ-ಮಗ ಇಬ್ಬರ ಹೆಸರು ಸಾಕಾಯಿತು ಅಂತ ನನಗನ್ನಿಸುತ್ತದೆ.

ಗೆದ್ದ ಮೇಲೆ ಲತಾ ಅವರು ಕಾಂಗ್ರೆಸ್ ಸರ್ಕಾರಕ್ಕೇ ಬೆಂಬಲ ಕೊಟ್ಟರು.

ಹರಪನಹಳ್ಳಿ ಬಸ್ಸು ಬಂತು. ಹಿರಿಯರು ಕೈ ಒರೆಸಿಕೊಂಡು ಏಳುತ್ತಾರೆ. ಕಿಟಕಿ ಪಕ್ಕದ ಅವ್ವ ಸರಿದು ಜಾಗ ಕೊಟ್ಟು, "ಯಾವೂರ ಕಡೇರ‍್ರೀ ಯಜಮಾನ್ರ?" ಅನ್ನುತ್ತಾಳೆ.